ಕಳೆದುಹೋದ ಕುಣಿತವನ್ನು ಮತ್ತೆ ಕಟ್ಟುವುದು ಹೇಗೆ? 1930ರ ದಶಕದ ರಾಜಕೀಯ ನೃತ್ಯಗಳ ಕಥೆ

ಸಂಗೀತ ಇನ್ನೂ ಶುರುವಾಗಿಲ್ಲ. ಉದ್ದನೆಯ ಕಪ್ಪು ಉಡುಪಿನ ಹೆಂಗಸರು ಒಬ್ಬೊಬ್ಬರಾಗಿ ವೇದಿಕೆಗೆ ಬರುತ್ತಾರೆ. ಎದುರು ನೋಡಿಕೊಂಡು ಬರುವುದಿಲ್ಲ, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತಾ ಬರುತ್ತಾರೆ. ಒಂದು ಹೆಜ್ಜೆ, ತಡೆ, ಇನ್ನೊಂದು ಹೆಜ್ಜೆ. ಮನೆ ಬಿಟ್ಟು ಹೊರಟವರು ಬಿಟ್ಟ ಮನೆಯನ್ನೇ ನೋಡುತ್ತಾ ನಡೆಯುವ ಹಾಗಿದೆ ಆ ನಡಿಗೆ.

ಇದು ‘ಸ್ಟೆಪ್ಸ್ ಇನ್ ದಿ ಸ್ಟ್ರೀಟ್’. ಅಂದರೆ ಬೀದಿಯಲ್ಲಿನ ಹೆಜ್ಜೆಗಳು. ಅಮೆರಿಕದ ಮಾರ್ಥಾ ಗ್ರಹಾಂ 1936ರಲ್ಲಿ ಕಟ್ಟಿದ ‘ಕ್ರಾನಿಕಲ್’ ಎಂಬ ದೊಡ್ಡ ನೃತ್ಯದ ಒಂದು ಭಾಗ. ಅವರ ನೃತ್ಯ ಕಂಪನಿ ಶುರುವಾದದ್ದು 1926ರಲ್ಲಿ, 2026ಕ್ಕೆ ಸರಿಯಾಗಿ ನೂರು ವರ್ಷ. ಆ ನೆಪದಲ್ಲಿ ಇದರ ತುಣುಕುಗಳು ಫೋನಿಂದ ಫೋನಿಗೆ ಓಡಾಡುತ್ತಿವೆ. ಯುದ್ಧ, ವಲಸೆ, ಬೀದಿಪಾಲಾದ ಜನ ಇದೆಲ್ಲ ದಿನಾ ಸುದ್ದಿಯಲ್ಲಿ ಇರುವಾಗ ನೋಡಿದವರಿಗೆ ‘ಇದು ನಿಜವಾಗಲೂ 90 ವರ್ಷ ಹಳೆಯದಾ?’ ಅನ್ನಿಸುವುದು ಸಹಜ.

ಹೌದು, ಆದರೆ ಪೂರ್ತಿ ಹೌದಲ್ಲ. ಈ ನೃತ್ಯ ಸುಮಾರು ಐವತ್ತು ವರ್ಷ ಯಾವ ವೇದಿಕೆಯಲ್ಲೂ ಇರಲಿಲ್ಲ. ಈಗ ನಾವು ನೋಡುತ್ತಿರುವುದು 1989ರಲ್ಲಿ ಮತ್ತೆ ಜೋಡಿಸಿದ್ದು. ಜೋಡಿಸಿದ್ದು ಹೇಗೆ, ಅಷ್ಟಕ್ಕೂ ಅದು ಕಳೆದುಹೋಗಿದ್ದು ಯಾಕೆ ಅನ್ನುವುದೇ ಇಲ್ಲಿಯ ವಿಷಯ.

ಮೊದಲು, ‘ಮಾಡರ್ನ್ ಡಾನ್ಸ್’ ಅಂದರೆ ಯಾವುದು?

ಟಿವಿ ಶೋಗಳಲ್ಲಿ ಬರುವ ಕುಣಿತವಲ್ಲ. ಸುಮಾರು 1900ರ ಹೊತ್ತಿಗೆ ಯುರೋಪು, ಅಮೆರಿಕಗಳಲ್ಲಿ ಕೆಲವರು, ಅದರಲ್ಲೂ ಹೆಂಗಸರು, ಬ್ಯಾಲೆಯ ಕಟ್ಟುಪಾಡು ಸಾಕು ಅಂದರು. ಬ್ಯಾಲೆಯಲ್ಲಿ ಬೆರಳ ತುದಿಯ ಮೇಲೆ ನಿಲ್ಲಬೇಕು, ಗಾಳಿಯಲ್ಲಿ ತೇಲಿದ ಹಾಗೆ ಕಾಣಬೇಕು, ರಾಜಕುಮಾರಿಯೋ ಹಂಸವೋ ಆಗಬೇಕು. ಇಸಡೋರಾ ಡಂಕನ್ ಶೂ ಬಿಚ್ಚಿ ಬರಿಗಾಲಲ್ಲಿ ಕುಣಿದರು. ಜರ್ಮನಿಯಲ್ಲಿ ಮೇರಿ ವಿಗ್ಮನ್ ಸುಂದರವಾಗಿ ಕಾಣುವ ಹಟವನ್ನೇ ಬಿಟ್ಟರು. ಮಾರ್ಥಾ ಗ್ರಹಾಂ ಉಸಿರಿನಿಂದಲೇ ಒಂದು ಶೈಲಿ ಕಟ್ಟಿದರು. ಬಿಕ್ಕಿ ಅಳುವಾಗ ಹೊಟ್ಟೆ ಒಳಕ್ಕೆ ಎಳೆದುಕೊಂಡು ಬೆನ್ನು ಬಾಗುತ್ತದಲ್ಲ, ಆ ಚಲನೆಯೇ ಅವರ ನೃತ್ಯದ ಬೇರು. ಭಾರ ಇಲ್ಲಿ ಮುಚ್ಚಿಡುವ ವಿಷಯವಲ್ಲ. ನೆಲಕ್ಕೆ ಬೀಳುವುದು, ಮತ್ತೆ ಏಳುವುದು ಎರಡೂ ನೃತ್ಯವೇ.

ಇದರಲ್ಲಿ ರಾಜಕೀಯ ಎಲ್ಲಿಂದ ಬಂತು?

ಹಸಿವಿನಿಂದ ಬಂತು ಅಂದರೂ ತಪ್ಪಿಲ್ಲ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಲಕ್ಷಾಂತರ ಜನರ ಕೆಲಸ ಹೋಯಿತು. ಇತ್ತ ಜರ್ಮನಿಯಲ್ಲಿ ಹಿಟ್ಲರ್ ಪಕ್ಷ ಬೆಳೆಯುತ್ತಿತ್ತು. 1932ರಲ್ಲಿ ನ್ಯೂಯಾರ್ಕಿನ ಕೆಲವು ಯುವ ನರ್ತಕಿಯರು ಸೇರಿ ‘ನ್ಯೂ ಡಾನ್ಸ್ ಗ್ರೂಪ್’ ಕಟ್ಟಿದರು. ನೃತ್ಯ ಒಂದು ಆಯುಧ ಅನ್ನುವುದು ಅವರ ಘೋಷಣೆ. ಅಲ್ಲಿಯ ಕ್ಲಾಸಿನ ಫೀಸು 10 ಸೆಂಟ್. ಅಷ್ಟಕ್ಕೆ ಒಂದು ಗಂಟೆ ನೃತ್ಯಾಭ್ಯಾಸ, ಒಂದು ಗಂಟೆ ಯಾವುದಾದರೂ ಸಾಮಾಜಿಕ ವಿಷಯದ ಮೇಲೆ ಸ್ವಂತ ಚಲನೆ ಹುಡುಕುವುದು, ಇನ್ನೊಂದು ಗಂಟೆ ಚರ್ಚೆ. ಹಗಲೆಲ್ಲ ಬೇರೆ ಕಡೆ ದುಡಿದವರೂ ಸಂಜೆ ಬರುತ್ತಿದ್ದರು. ಪ್ರದರ್ಶನ ನಡೆಯುತ್ತಿದ್ದದ್ದು ಹೆಚ್ಚಾಗಿ ಕಾರ್ಮಿಕ ಸಂಘದ ಹಾಲ್‌ಗಳಲ್ಲಿ, ಸಭೆಗಳಲ್ಲಿ.

ಗ್ರಹಾಂ ಈ ಗುಂಪಿನವರಲ್ಲ. ಘೋಷಣೆ ಕೂಗುವುದು ಅವರ ಜಾಯಮಾನವೂ ಆಗಿರಲಿಲ್ಲ. ಆದರೆ 1936ರ ಬರ್ಲಿನ್ ಒಲಿಂಪಿಕ್ಸ್ ಜೊತೆಗೆ ನಡೆಯುವ ನೃತ್ಯೋತ್ಸವಕ್ಕೆ ಬನ್ನಿ ಅಂತ ನಾಜಿ ಜರ್ಮನಿ ಕರೆದಾಗ ಆಗುವುದಿಲ್ಲ ಅಂದುಬಿಟ್ಟರು. ತಾವು ಗೌರವಿಸುವ ಕಲಾವಿದರನ್ನು ಅಲ್ಲಿ ಹಿಂಸಿಸಲಾಗುತ್ತಿದೆ, ತಮ್ಮ ತಂಡದಲ್ಲೇ ಯಹೂದಿಗಳಿದ್ದಾರೆ, ಅಂಥಲ್ಲಿ ಕುಣಿಯುವುದು ಹೇಗೆ ಅನ್ನುವುದು ಅವರ ಉತ್ತರ. ಅದೇ ವರ್ಷ ಡಿಸೆಂಬರ್ 20ರಂದು ನ್ಯೂಯಾರ್ಕಿನ ಗಿಲ್ಡ್ ಥಿಯೇಟರಿನಲ್ಲಿ ‘ಕ್ರಾನಿಕಲ್’ ಮೊದಲ ಪ್ರದರ್ಶನ ಕಂಡಿತು. ತಂಡದಲ್ಲಿ ಒಬ್ಬ ಗಂಡಸೂ ಇರಲಿಲ್ಲ.

ಹಾಗಾದರೆ ಕಳೆದುಹೋಗಿದ್ದು ಹೇಗೆ?

ನಾಟಕ ನಿಂತರೂ ಅದರ ಮಾತು ಪುಸ್ತಕದಲ್ಲಿ ಉಳಿಯುತ್ತದೆ. ಹಾಡಿಗೆ ಸ್ವರಲಿಪಿ ಇದೆ. ಕುಣಿತಕ್ಕೆ? ಯಕ್ಷಗಾನ ಗೊತ್ತಿರುವವರಿಗೆ ಇದು ಬೇಗ ಹೊಳೆಯುತ್ತದೆ. ಪ್ರಸಂಗದ ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಆಟವನ್ನೇ ನೋಡದವನ ಕೈಗೆ ಆ ಪುಸ್ತಕ ಕೊಟ್ಟು ‘ಒಡ್ಡೋಲಗ ಮಾಡಪ್ಪ’ ಅಂದರೆ ಏನು ಮಾಡಿಯಾನು? ಹೆಜ್ಜೆ ಇರುವುದು ವೇಷಧಾರಿಯ ಕಾಲಿನಲ್ಲಿ. ಅಲ್ಲಿಂದ ಇನ್ನೊಬ್ಬರ ಕಾಲಿಗೆ ಹೋಗಬೇಕು. ಯಕ್ಷಗಾನದಲ್ಲಿ ಮೇಳ ಇದೆ, ವರ್ಷ ವರ್ಷ ತಿರುಗಾಟ ಇದೆ, ಹಾಗಾಗಿ ಹೋಗುತ್ತಲೇ ಇರುತ್ತದೆ. ಮಾಡರ್ನ್ ಡಾನ್ಸಿನವರಿಗೆ ಅಂಥ ವ್ಯವಸ್ಥೆ ಇರಲಿಲ್ಲ. ಒಬ್ಬರು ಕಟ್ಟಿ, ಅವರೇ ಕುಣಿದು, ಬಿಟ್ಟರೆ ಮುಗಿಯಿತು.

ಎಲ್ಲ ನೃತ್ಯಕ್ಕೂ ಇರುವ ಈ ಅಪಾಯದ ಮೇಲೆ ರಾಜಕೀಯ ನೃತ್ಯಕ್ಕೆ ಇನ್ನೂ ಕೆಲವು ಸೇರಿದವು. ಒಂದು, ಅದು ಆ ಹೊತ್ತಿನ ಮಾತು. ಒಂದು ಮುಷ್ಕರಕ್ಕೋ ಒಂದು ಯುದ್ಧಕ್ಕೋ ಕಟ್ಟಿದ್ದನ್ನು ಮುಷ್ಕರ ಮುಗಿದ ಮೇಲೆ ಯಾರು ಆಡಿಸುತ್ತಾರೆ? ಇನ್ನೊಂದು, ಓಡಿಹೋಗಬೇಕಾಗಿ ಬಂದದ್ದು. 1933ರ ನಂತರ ಜರ್ಮನಿ ಬಿಟ್ಟವರ ಪೆಟ್ಟಿಗೆಯಲ್ಲಿ ಬಟ್ಟೆಬರೆಗೆ ಜಾಗ ಇತ್ತು, ಇಪ್ಪತ್ತು ಜನರ ತಂಡಕ್ಕೆ ಇರಲಿಲ್ಲ.

ಮೂರನೆಯದು ಭಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ಜೋರಾಯಿತು. ಹಳೆಯ ಸಭೆ, ಹಳೆಯ ಸಹಿ ಎಲ್ಲವೂ ಪುರಾವೆ ಆಗಬಹುದಿತ್ತು. ಕಪ್ಪು ಜನರನ್ನು ಮರಕ್ಕೆ ನೇಣು ಹಾಕುತ್ತಿದ್ದ ಗುಂಪುಗಳ ಬಗ್ಗೆ 1943ರಲ್ಲಿ ‘ಸ್ಟ್ರೇಂಜ್ ಫ್ರೂಟ್’ ಎಂಬ ನೃತ್ಯ ಕಟ್ಟಿದ ಪರ್ಲ್ ಪ್ರೈಮಸ್ ಮೇಲೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕಣ್ಣಿಟ್ಟಿತ್ತು. ಇಂಥ ಕಾಲದಲ್ಲಿ ‘ನಾನು ಹಿಂದೆ ಇದನ್ನು ಕುಣಿದಿದ್ದೆ’ ಅಂತ ಹೇಳಿಕೊಳ್ಳುವವರು ಯಾರು? ಎಷ್ಟೋ ಜನ ಸುಮ್ಮನಾದರು. ಗ್ರಹಾಂ ತಂಡವನ್ನು ಅಮೆರಿಕ ಸರ್ಕಾರವೇ 1955-56ರಲ್ಲಿ ಏಷ್ಯಾ ಪ್ರವಾಸಕ್ಕೆ ಕಳಿಸಿತು, ಅವರು ಭಾರತಕ್ಕೂ ಬಂದಿದ್ದರು. ‘ಕ್ರಾನಿಕಲ್’ ಆಡುವುದನ್ನು ನಿಲ್ಲಿಸಿ ಆಗ ವರ್ಷಗಳೇ ಕಳೆದಿದ್ದವು.

ಬರೆದಿಟ್ಟರೆ ಉಳಿಯುತ್ತದಾ?

ಉಳಿದ ಒಂದು ಉದಾಹರಣೆ ಇದೆ. ಹೆಸರು ‘ದಿ ಗ್ರೀನ್ ಟೇಬಲ್’. ಜರ್ಮನಿಯ ಕುರ್ಟ್ ಯೋಸ್ ಕಟ್ಟಿದ್ದು, 1932ರ ಜುಲೈ 3ರಂದು ಪ್ಯಾರಿಸ್ಸಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದಿತು. ಹಸಿರು ಬಟ್ಟೆ ಹಾಸಿದ ಮೇಜಿನ ಸುತ್ತ ಕಪ್ಪು ಸೂಟಿನ ಹತ್ತು ಮಂದಿ, ಎಲ್ಲರಿಗೂ ಮುಖವಾಡ. ಎರಡು ಪಿಯಾನೋಗಳ ತಾಳಕ್ಕೆ ಬಾಗುತ್ತಾರೆ, ಬೆರಳು ತೋರಿಸುತ್ತಾರೆ, ವಾದ ಮಾಡುತ್ತಾರೆ, ಮತ್ತೆ ನಯವಾಗಿ ಬಾಗುತ್ತಾರೆ. ಆಮೇಲೆ ಪಿಸ್ತೂಲು ತೆಗೆದು ಹಾರಿಸುತ್ತಾರೆ. ಯುದ್ಧ ಶುರು. ಮುಂದಿನ ದೃಶ್ಯಗಳಲ್ಲಿ ಸಾವು ಬಂದು ಸೈನಿಕನನ್ನು, ಮುದುಕಿಯನ್ನು, ಹುಡುಗಿಯನ್ನು ಒಬ್ಬೊಬ್ಬರನ್ನಾಗಿ ಕರೆದೊಯ್ಯುತ್ತದೆ. ಮೊದಲ ಪ್ರದರ್ಶನದಲ್ಲಿ ಸಾವಿನ ಪಾತ್ರ ಯೋಸ್ ಅವರದ್ದೇ. ಕೊನೆಗೆ ಮತ್ತದೇ ಮೇಜು, ಅದೇ ಹತ್ತು ಮಂದಿ, ಅದೇ ನಯ. ಅವರಲ್ಲಿ ಒಬ್ಬರಿಗೂ ಏನೂ ಆಗಿರುವುದಿಲ್ಲ.

ಮುಂದಿನ ವರ್ಷ ಹಿಟ್ಲರ್ ಅಧಿಕಾರಕ್ಕೆ ಬಂದ. ಸಂಗೀತ ಮಾಡಿದ ಫ್ರಿಟ್ಸ್ ಕೋಹೆನ್ ಸೇರಿದಂತೆ ತಂಡದ ಯಹೂದಿಗಳನ್ನು ತೆಗೆದುಹಾಕು ಅಂತ ಒತ್ತಡ ಬಂತು. ಯೋಸ್ ಒಪ್ಪಲಿಲ್ಲ, ತಂಡವನ್ನೇ ಕಟ್ಟಿಕೊಂಡು ದೇಶ ಬಿಟ್ಟರು. ಕೊನೆಗೆ ನೆಲೆ ಸಿಕ್ಕಿದ್ದು ಇಂಗ್ಲೆಂಡಿನ ಡಾರ್ಟಿಂಗ್‌ಟನ್‌ನಲ್ಲಿ. ಅಲ್ಲಿ ಅವರ ಶಾಲೆಗೆ ಸೇರಿದ್ದ ಆನ್ ಹಚಿನ್ಸನ್ ಎಂಬ ವಿದ್ಯಾರ್ಥಿನಿ 1930ರ ದಶಕದ ಕೊನೆಯಲ್ಲಿ ಇಡೀ ನೃತ್ಯವನ್ನು ಕಾಗದದ ಮೇಲೆ ಬರೆದಿಟ್ಟರು.

ಬರೆದದ್ದು ಯಾವ ಲಿಪಿಯಲ್ಲಿ? ಯೋಸ್ ಅವರ ಗುರು ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ ನೃತ್ಯಲಿಪಿಯಲ್ಲಿ. ಅದನ್ನು ಈಗ ಲಾಬಾನೊಟೇಷನ್ ಅನ್ನುತ್ತಾರೆ. ಪುಟದ ಮೇಲೆ ಮೂರು ಉದ್ದ ಗೆರೆಗಳು, ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ, ಮೆಟ್ಟಿಲು ಹತ್ತಿದ ಹಾಗೆ. ನಡುವಿನ ಗೆರೆ ಅಂದರೆ ಬೆನ್ನುಮೂಳೆ ಅಂದುಕೊಳ್ಳಿ. ಬಲಗಡೆ ಬರೆದದ್ದು ದೇಹದ ಬಲಭಾಗ, ಎಡಗಡೆ ಬರೆದದ್ದು ಎಡಭಾಗ. ಗುರುತಿನ ಆಕಾರ ನೋಡಿದರೆ ಯಾವ ದಿಕ್ಕಿಗೆ ಅಂತ ಗೊತ್ತಾಗುತ್ತದೆ. ಗುರುತು ಉದ್ದವಾಗಿದ್ದರೆ ನಿಧಾನ, ಗಿಡ್ಡವಾಗಿದ್ದರೆ ಚುರುಕು. ಒಳಗೆ ಓರೆಗೆರೆ ಎಳೆದಿದ್ದರೆ ಎತ್ತರದಲ್ಲಿ, ಚುಕ್ಕಿ ಇದ್ದರೆ ಮಧ್ಯದಲ್ಲಿ, ಪೂರ್ತಿ ಕಪ್ಪಾಗಿದ್ದರೆ ತಗ್ಗಿನಲ್ಲಿ. ಒಂದೇ ಒಂದು ಗುರುತು ದಿಕ್ಕು, ಹೊತ್ತು, ಎತ್ತರ ಮೂರನ್ನೂ ಹೇಳಿಬಿಡುತ್ತದೆ. ಕಲಿಯಲು ವರ್ಷಗಳು ಬೇಕು, ಬರೆಯಲು ಅದಕ್ಕಿಂತ ತಾಳ್ಮೆ ಬೇಕು. ಹಾಗಾಗಿಯೇ ಬರೆದಿಟ್ಟ ನೃತ್ಯಗಳು ಕಡಿಮೆ.

ಇಲ್ಲೊಂದು ವಿಚಿತ್ರ ಇದೆ. ಈ ಲಿಪಿ ಕೊಟ್ಟ ಲಾಬಾನ್ ನಾಜಿ ಸರ್ಕಾರದ ಕೆಳಗೆ 1936ರವರೆಗೂ ನೃತ್ಯದ ಉಸ್ತುವಾರಿ ನೋಡಿಕೊಂಡವರು. ಒಲಿಂಪಿಕ್ಸ್‌ಗಾಗಿ ಅವರು ಮಾಡಿದ ಭಾರಿ ಸಮೂಹ ನೃತ್ಯ ನಾಜಿ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಹಿಡಿಸದೆ ರದ್ದಾಯಿತು, ಆಮೇಲೆ ಅವರೂ ದೇಶ ಬಿಟ್ಟು ಡಾರ್ಟಿಂಗ್‌ಟನ್‌ಗೇ ಬಂದರು, ಶಿಷ್ಯನ ಆಸರೆಗೆ. ಯುದ್ಧ ಮಾಡಿಸುವವರನ್ನು ಗೇಲಿ ಮಾಡಿದ ನೃತ್ಯ ಉಳಿದದ್ದು ಇವರ ಲಿಪಿಯಿಂದ.

‘ಸ್ಟೆಪ್ಸ್ ಇನ್ ದಿ ಸ್ಟ್ರೀಟ್’ ಜೋಡಿಸಿದ ಬಗೆ

ಗ್ರಹಾಂ ನೃತ್ಯಕ್ಕೆ ಆ ಭಾಗ್ಯ ಇರಲಿಲ್ಲ. ಸಿಕ್ಕಿದ್ದು ಜೂಲಿಯನ್ ಬ್ರಯನ್ ಎಂಬವರು 1930ರ ದಶಕದಲ್ಲಿ ತೆಗೆದ ಫಿಲ್ಮು.

ಫಿಲ್ಮ್ ಇದ್ದ ಮೇಲೆ ಇನ್ನೇನು ಕಷ್ಟ, ನೋಡಿ ಕಲಿತರಾಯಿತು ಅನ್ನಿಸಬಹುದು. ಮದುವೆ ವಿಡಿಯೊ ನೆನಪು ಮಾಡಿಕೊಳ್ಳಿ. ಧಾರೆ ಎರೆಯುವಾಗ ಕ್ಯಾಮೆರಾ ವಧುವಿನ ಮುಖದ ಮೇಲಿರುತ್ತದೆ, ಅವಳ ಅಪ್ಪನ ಕೈ ಕಾಣುವುದಿಲ್ಲ. ಹಳೆಯ ಫಿಲ್ಮುಗಳಲ್ಲೂ ಅದೇ. ಎಡತುದಿಯಲ್ಲಿದ್ದವರು ಚೌಕಟ್ಟಿನಿಂದ ಹೊರಗೆ ಹೋಗುತ್ತಾರೆ. ರೀಲು ಮುಗಿದಲ್ಲಿ ನೃತ್ಯವೂ ತುಂಡಾಗುತ್ತದೆ. ಜೊತೆಗೆ ವೇಗದ ತಾಪತ್ರಯ. ಆ ಕಾಲದ ಮೂಕ ಫಿಲ್ಮನ್ನು ಸೆಕೆಂಡಿಗೆ 16 ಚಿತ್ರದ ಲೆಕ್ಕದಲ್ಲಿ ತೆಗೆಯುವುದು ವಾಡಿಕೆ. ಅದನ್ನು 24ರ ಲೆಕ್ಕದಲ್ಲಿ ಓಡಿಸಿದರೆ ಎಲ್ಲರೂ ಒಂದೂವರೆ ಪಟ್ಟು ಚುರುಕಾಗಿಬಿಡುತ್ತಾರೆ. ಶೋಕದ ನಡಿಗೆ ಓಟದ ಹಾಗೆ ಕಂಡರೆ ಗತಿ ಏನು?

ತುಂಡುಗಳ ನಡುವಿನ ಖಾಲಿ ತುಂಬುವುದಕ್ಕೆ ಆ ಶೈಲಿಯನ್ನು ಮೈಗೂಡಿಸಿಕೊಂಡವರೇ ಬೇಕು. ಮತ್ತೆ ಮದುವೆಗೇ ಬರೋಣ. ಆಲ್ಬಮ್ಮಿನ ಹತ್ತು ಫೋಟೊ ಚೆಲ್ಲಾಪಿಲ್ಲಿಯಾಗಿವೆ ಅಂದುಕೊಳ್ಳಿ. ನಮ್ಮ ಕಡೆಯ ಮದುವೆ ನೂರು ನೋಡಿದ ಅತ್ತೆಯೊಬ್ಬರು ‘ಇದು ಜೀರಿಗೆ ಬೆಲ್ಲ, ಅದಾದ ಮೇಲೆ ಇದು, ಇವೆರಡರ ಮಧ್ಯೆ ಮಾಂಗಲ್ಯ ಆಗಿರಬೇಕು’ ಅಂತ ಸಾಲಾಗಿ ಜೋಡಿಸಿಬಿಡುತ್ತಾರೆ. ಹೊರಗಿನವರಿಗೆ ಆಗುವುದಿಲ್ಲ. ಗ್ರಹಾಂ ಶೈಲಿಯಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ದೇಹ ಹೇಗೆ ಹೋಗುತ್ತದೆ ಅನ್ನುವುದು ಅದರಲ್ಲೇ ಪಳಗಿದವರಿಗೆ ಗೊತ್ತು.

ಹಾಗೆ ಪಳಗಿದವರು ಯುರಿಕೊ. ಜಪಾನಿ ಮೂಲದ ಅಮೆರಿಕನ್. ಗ್ರಹಾಂ ತಂಡ ಸೇರಿದ್ದು 1944ರಲ್ಲಿ, ಅಂದರೆ ‘ಕ್ರಾನಿಕಲ್’ ಹುಟ್ಟಿದಾಗ ಅವರು ಅಲ್ಲಿರಲಿಲ್ಲ. ಆದರೆ ‘ಸ್ಟೆಪ್ಸ್ ಇನ್ ದಿ ಸ್ಟ್ರೀಟ್’ ಭಾಗದ ಉಪಶೀರ್ಷಿಕೆ ನೋಡಿ: ‘ವಿನಾಶ, ಮನೆಯಿಲ್ಲದಿರುವುದು, ಗಡಿಪಾರು’. ಎರಡನೇ ಮಹಾಯುದ್ಧದ ಸಮಯದಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಅಮೆರಿಕ ಸರ್ಕಾರ ಮನೆ ಬಿಡಿಸಿ ಶಿಬಿರಗಳಿಗೆ ಹಾಕಿತ್ತು. ಅರಿಜೋನಾದ ಹಿಲಾ ರಿವರ್ ಶಿಬಿರದಲ್ಲಿದ್ದು ಬಂದವರು ಯುರಿಕೊ. 1989ರಲ್ಲಿ ಅವರೂ, 90 ದಾಟಿದ್ದ ಗ್ರಹಾಂ ಅವರೂ ಸೇರಿ ಫಿಲ್ಮಿನಿಂದ ಹೆಜ್ಜೆ ಹೆಕ್ಕಿದರು.

ಸಂಗೀತದ ಕಥೆ ಇನ್ನೂ ಸ್ವಾರಸ್ಯ. ‘ಕ್ರಾನಿಕಲ್’ಗೆ ವಾಲಿಂಗ್‌ಫರ್ಡ್ ರೀಗರ್ ಬರೆದಿದ್ದ ಈ ಭಾಗದ ಸಂಗೀತ ಸಿಗಲಿಲ್ಲ. ಅದೇ ರೀಗರ್ ಡೋರಿಸ್ ಹಂಫ್ರಿ ಎಂಬ ಇನ್ನೊಬ್ಬ ನೃತ್ಯಗಾರ್ತಿಯ ‘ನ್ಯೂ ಡಾನ್ಸ್’ಗೆ ಬರೆದದ್ದು ಇತ್ತು. ಅದರ ಕೊನೆಯ ಭಾಗವನ್ನು ತಂದು ಇಲ್ಲಿ ಕೂಡಿಸಿದರು. ಅಂದರೆ ಈಗ ಫೋನಿನಲ್ಲಿ ನಾವು ಕೇಳುವುದು ಬೇರೆ ನೃತ್ಯದ ಸಂಗೀತ. ಗೊತ್ತಿಲ್ಲದೆ ನೋಡಿದರೆ ಅನುಮಾನವೇ ಬರುವುದಿಲ್ಲ, ಅಷ್ಟು ಚೆನ್ನಾಗಿ ಕೂತಿದೆ.

1991ರಲ್ಲಿ ಗ್ರಹಾಂ ತೀರಿಕೊಂಡರು. 1994ರಲ್ಲಿ ಇನ್ನೆರಡು ಭಾಗಗಳನ್ನು ಬೇರೆಯವರು ಜೋಡಿಸಿದರು. ಒಂದು, ಕೆಂಪು ಒಳಪದರದ ಭಾರಿ ಕಪ್ಪು ಲಂಗ ಉಟ್ಟು ಒಬ್ಬಳೇ ಕುಣಿಯುವ ‘ಸ್ಪೆಕ್ಟರ್-1914’. ಇದಕ್ಕೆ ಫಿಲ್ಮಿನ ತುಣುಕುಗಳ ಜೊತೆ ಬಾರ್ಬರಾ ಮಾರ್ಗನ್ ತೆಗೆದ ಫೋಟೊಗಳು ಆಧಾರ. ಇನ್ನೊಂದು ‘ಪ್ರಿಲ್ಯೂಡ್ ಟು ಆ್ಯಕ್ಷನ್’. ಈಗ ‘ಕ್ರಾನಿಕಲ್’ ಅಂತ ಆಡುವುದು ಈ ಮೂರು ಭಾಗಗಳನ್ನೇ. ಉಳಿದವು ಸಿಕ್ಕಿಲ್ಲ.

ಬರೀ ಫೋಟೊ ಸಿಕ್ಕಿದರೆ?

ಇಲ್ಲಿ ಒಂದೆರಡು ಪದ ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು. ಫಿಲ್ಮು, ಲಿಪಿ, ಕುಣಿದವರ ನೆನಪು ಇದ್ದು ಮೂಲಕ್ಕೆ ಆದಷ್ಟು ಹತ್ತಿರ ಹೋಗುವುದು ಮರುಜೋಡಣೆ. ಪುರಾವೆ ತೀರಾ ಕಡಿಮೆ ಇದ್ದು, ಅದರ ಸುತ್ತ ಹೊಸದನ್ನು ಕಟ್ಟುವುದು ಮರುಕಲ್ಪನೆ. ಎರಡನ್ನೂ ಹೊರಗಿನವರು ‘ಮತ್ತೆ ತಂದರು’ ಅಂದುಬಿಡುತ್ತಾರೆ, ಆದರೆ ಮಾಡುವವರ ಮಟ್ಟಿಗೆ ಇವು ಬೇರೆ ಬೇರೆ ಕೆಲಸ.

ಮರುಕಲ್ಪನೆಗೆ ಗ್ರಹಾಂ ಅವರದ್ದೇ ‘ಇಮೀಡಿಯೆಟ್ ಟ್ರ್ಯಾಜಿಡಿ’ ನೋಡಿ. 1937ರಲ್ಲಿ ಸ್ಪೇನಿನ ಅಂತರ್ಯುದ್ಧದ ನೋವಿಗೆ ಕಟ್ಟಿದ ಒಂಟಿ ನೃತ್ಯ. ಸಂಗೀತ ಹೆನ್ರಿ ಕಾವೆಲ್ ಅವರದ್ದು. ಆಗ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿದ್ದರು. ನೃತ್ಯ ನೋಡುವ ಹಾಗಿಲ್ಲ, ಯಾವ ಸಾಲು ಎಷ್ಟು ಹೊತ್ತು ಬೇಕಾದೀತು ಅಂತ ಗೊತ್ತಿಲ್ಲ. ಹಾಗಾಗಿ ರಬ್ಬರಿನ ಹಾಗೆ ಬೇಕಾದಷ್ಟು ಎಳೆಯಬಹುದಾದ, ಬೇಕಾದಷ್ಟು ಕುಗ್ಗಿಸಬಹುದಾದ ಸಂಗೀತ ಬರೆದು ಕಳಿಸಿದರು. ಆಮೇಲೆ ಆ ನೃತ್ಯ ಕಳೆದುಹೋಯಿತು. 1937ರ ಪ್ರದರ್ಶನದಲ್ಲಿ ರಾಬರ್ಟ್ ಫ್ರೇಸರ್ ತೆಗೆದ ಫೋಟೊಗಳು ಬಹಳ ವರ್ಷಗಳ ನಂತರ ಹೊರಬಂದವು.

2020ರ ಲಾಕ್‌ಡೌನಿನಲ್ಲಿ ಗ್ರಹಾಂ ತಂಡದ ನರ್ತಕರು ಅವರವರ ಮನೆಯಲ್ಲಿದ್ದರು. ಒಬ್ಬೊಬ್ಬರಿಗೆ ಕೆಲವು ಫೋಟೊ ಹಂಚಿದರು. ಅದರ ಭಂಗಿ ಹಿಡಿದು ತಮ್ಮ ತಮ್ಮ ಕೋಣೆಯಲ್ಲೇ ಒಂದಷ್ಟು ಚಲನೆ ಕಟ್ಟಿದರು. ಹೊಸ ಸಂಗೀತ ಬರೆಸಿದರು. ಎಲ್ಲ ಸೇರಿ ಪರದೆ ಮೇಲೆ ಬಂದಾಗ ಒಬ್ಬಳ ನೃತ್ಯ ಹದಿನಾಲ್ಕು ಜನರದ್ದಾಗಿತ್ತು. ಇದನ್ನು ಗ್ರಹಾಂ ನೃತ್ಯ ಅನ್ನಬೇಕಾ? ತಂಡದವರೂ ಹಾಗೆ ಹೇಳಿಕೊಳ್ಳಲಿಲ್ಲ. ಕಳೆದುಹೋದ ಒಂಟಿ ನೃತ್ಯದಿಂದ ಪ್ರೇರಣೆ ಪಡೆದದ್ದು ಅಂತಷ್ಟೇ ಹೇಳಿದರು. ನನಗೆ ಆ ಪ್ರಾಮಾಣಿಕತೆ ಇಷ್ಟವಾಗುತ್ತದೆ.

ಇದ್ದದ್ದೂ ಸುರಕ್ಷಿತ ಅಂತೇನಿಲ್ಲ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಇದೇ ಕಂಪನಿಯ ನೆಲಮಾಳಿಗೆಗೆ ನೀರು ನುಗ್ಗಿ ಉಡುಪು, ರಂಗಸಜ್ಜಿಕೆ ಎಲ್ಲ ಮುಳುಗಿದವು.

ಅಂದು ಆಡಿದ ಹಾಗೇ ಇಂದೂ ಆಡಬಹುದಾ?

ಹೆಜ್ಜೆ ಸಿಕ್ಕಿದರೂ ಬಗೆಹರಿಯದ ಪ್ರಶ್ನೆ ಇದು. ನೃತ್ಯ ಸಂಯೋಜಕಿ ಹೆಲೆನ್ ಟಮಿರಿಸ್ 1937ರಲ್ಲಿ ಅಮೆರಿಕ ಸರ್ಕಾರದ ಉದ್ಯೋಗ ಯೋಜನೆಯಡಿ ‘ಹೌ ಲಾಂಗ್ ಬ್ರೆದ್ರೆನ್?’ ಮಾಡಿಸಿದರು. ಕಪ್ಪು ಜನರ ಪ್ರತಿಭಟನೆಯ ಹಾಡುಗಳಿಗೆ ನೃತ್ಯ. ಹಾಡುತ್ತಿದ್ದವರು ಕಪ್ಪು ಗಾಯಕರು, ಕುಣಿಯುತ್ತಿದ್ದವರು ಬಿಳಿಯ ಹೆಂಗಸರು. ಆಗ ಅದು ಜೊತೆಗೆ ನಿಲ್ಲುವ ರೀತಿ ಅನ್ನಿಸಿತ್ತು. ಇವತ್ತು ‘ಅವರ ನೋವನ್ನು ಇವರು ಯಾಕೆ ಕುಣಿಯಬೇಕು?’ ಅಂತ ಕೇಳುವವರಿದ್ದಾರೆ. 1991ರಲ್ಲಿ ಅದನ್ನು ಮತ್ತೆ ಕಟ್ಟಿದ್ದು ಡಯಾನ್ ಮೆಕಿಂಟೈರ್, ಸ್ವತಃ ಕಪ್ಪು ನೃತ್ಯ ಸಂಯೋಜಕಿ.

ಇನ್ನು ಕೆಲವು ವಿಷಯ ಮತ್ತೆ ತರಲು ಆಗುವುದೇ ಇಲ್ಲ. ಯೋಜನೆಯ ಹಣ ಕಡಿತವಾಗುತ್ತದೆ ಅಂತ ಗೊತ್ತಾದಾಗ ಆ ನೃತ್ಯದ ಒಂದು ಪ್ರದರ್ಶನ ಮುಗಿದ ಮೇಲೆ ಕಲಾವಿದರು ಥಿಯೇಟರ್ ಬಿಟ್ಟು ಹೋಗದೆ ಧರಣಿ ಕೂತರು. ಪ್ರೇಕ್ಷಕರೂ ಎದ್ದು ಹೋಗಲಿಲ್ಲ, ಜೊತೆಗೇ ಕೂತರು. ಆ ರಾತ್ರಿಯೂ ನೃತ್ಯದ ಭಾಗವೇ ಅಲ್ವಾ? ಯಾವ ಲಿಪಿಯಲ್ಲಿ ಬರೆಯುತ್ತೀರಿ ಅದನ್ನು?

ನಮ್ಮಲ್ಲಿ ಉಳಿದ ಒಂದು ಯಂತ್ರ ನೃತ್ಯ

ಇದೇ ಕಾಲದಲ್ಲಿ ಭಾರತದಲ್ಲಿ ಉದಯ ಶಂಕರ್ ‘ಲೇಬರ್ ಆ್ಯಂಡ್ ಮೆಷಿನರಿ’ ಅಂತ ಒಂದು ನೃತ್ಯ ಕಟ್ಟಿದ್ದರು. ಕಾರ್ಮಿಕರೇ ಯಂತ್ರದ ಭಾಗಗಳಾಗಿಬಿಡುವ ಕಥೆ. ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಅವರು ನಡೆಸುತ್ತಿದ್ದ ಕಲಾ ಕೇಂದ್ರ 1940ರ ದಶಕದ ನಡುವೆ ಮುಚ್ಚಿತು, ಕಲಿತವರು ಚದುರಿದರು. ಶಾಂತಿ ಬರ್ಧನ್ ಅವರಂಥವರು ಮುಂಬೈಗೆ ಬಂದು ಇಪ್ಟಾ ಎಂಬ ಎಡಪಂಥೀಯ ರಂಗಸಂಘಟನೆಯ ತಂಡದಲ್ಲಿ ಬಂಗಾಳದ ಬರಗಾಲದ ಬಗ್ಗೆ ನೃತ್ಯ ಮಾಡಿಸಿದರು. ಉದಯ ಶಂಕರ್ ಮಾತ್ರ ಮದ್ರಾಸಿನ ಜೆಮಿನಿ ಸ್ಟುಡಿಯೊದಲ್ಲಿ ಕೂತು ತಮ್ಮ ನೃತ್ಯಗಳನ್ನೆಲ್ಲ ಸೇರಿಸಿ ‘ಕಲ್ಪನಾ’ ಎಂಬ ಸಿನಿಮಾ ತೆಗೆದರು. 1948ರಲ್ಲಿ ತೆರೆಗೆ ಬಂತು, ಓಡಲಿಲ್ಲ. ವರ್ಷಗಟ್ಟಲೆ ನೋಡಲೂ ಸಿಗುತ್ತಿರಲಿಲ್ಲ. ಅದನ್ನು ಸರಿಪಡಿಸಿ 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು.

ಯಂತ್ರದ ನೃತ್ಯ ಅದರಲ್ಲಿದೆ. ಕೈಗಳು ಸನ್ನೆಕೋಲುಗಳ ಹಾಗೆ ಏಳುತ್ತವೆ, ಬೀಳುತ್ತವೆ, ಸಾಲು ಸಾಲು ಮೈಗಳು ಒಂದೇ ತಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಇದನ್ನು ವೇದಿಕೆಗೆ ತರೋಣ ಅಂತ ಯಾರಾದರೂ ಹೊರಟರೆ ಮೊದಲು ಮಾಡಬೇಕಾದ ಕೆಲಸ, ಪ್ರತಿ ಶಾಟಿನಲ್ಲಿ ಯಾರು ಎಲ್ಲಿದ್ದಾರೆ ಅಂತ ಕಾಗದದ ಮೇಲೆ ಗುರುತು ಹಾಕುವುದು. ಆಮೇಲೆ ಶಾಟ್ ಬದಲಾಗುತ್ತದೆ, ಕ್ಯಾಮೆರಾ ಒಂದು ಮುಖದ ಹತ್ತಿರ ಹೋಗುತ್ತದೆ. ಆ ಹೊತ್ತಿನಲ್ಲಿ ಉಳಿದವರ ಕಾಲು ಎಲ್ಲಿತ್ತು ಅಂತ ಪಕ್ಕದಲ್ಲೊಂದು ಪ್ರಶ್ನೆ ಗುರುತು ಹಾಕಿ ಮುಂದಕ್ಕೆ ಹೋಗಬೇಕು.